ಬಿ ಸೆಕ್ಷನ್ನಿನ ಬಸ್ಸು

ಕುರ್ಚಿಯ ಬೆನ್ನಿಗೆ ಅಂಗೈಯಿಂದ ಎರಡು ಪೆಟ್ಟು. ಆಮೇಲೆ ಇಡೀ ತರಗತಿಯ ಪುಟ್ಟ ಗಂಟಲುಗಳು ಕಂಡಕ್ಟರನ ಧಾಟಿಯಲ್ಲಿ ಒಟ್ಟಿಗೆ: "ರೈಟ್, ಪೋಯಿ!"

ನಮ್ಮ ಎರಡು ಎಲ್‌ಕೆಜಿ ಕ್ಲಾಸುಗಳ ನಡುವೆ ಇದ್ದದ್ದು ಒಂದು ಪ್ಲೈವುಡ್ಡಿನ ಅಡ್ಡಗೋಡೆ. ಈಚೆ ಎ ಸೆಕ್ಷನ್ನಿನಲ್ಲಿ ನಾನು ನೆಟ್ಟಗೆ ನಿಂತು ಎ ಫಾರ್ ಆ್ಯಪಲ್ ಹೇಳಿಸುತ್ತಿದ್ದರೆ ಆಚೆ ಬಸ್ಸು ಹೊರಟುಬಿಡುತ್ತಿತ್ತು. ನನ್ನ ಮಕ್ಕಳ ಕತ್ತೆಲ್ಲ ಗೋಡೆಯ ಕಡೆಗೆ. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಕ್ಲಾಸೆಂದರೆ ಪ್ರಾರ್ಥನೆಯ ಹೊತ್ತಿನ ಚಾಪೆಲ್‌ನ ಹಾಗಿರಬೇಕು ಎಂದು ನಂಬಿದವಳು.

ಆ ಬಸ್ಸು ಬಿಡುತ್ತಿದ್ದವರು ಬಿ ಸೆಕ್ಷನ್ನಿನ ಟೀಚರ್. ಕಡಬದ ಕಡೆಯಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದರು. ಸಣಕಲು ಮೈ, ಗಂಡಸರು ಹಿಡಿಯುವಂಥ ದೊಡ್ಡ ಕಪ್ಪು ಕೊಡೆ, ಚೀಲದ ತುಂಬ ಅಂಗಡಿಯಿಂದ ಬೇಡಿ ತಂದ ರಟ್ಟು. ಅವರು ನನ್ನನ್ನು ಮಿಸ್ ಎನ್ನುತ್ತಿದ್ದರು, ನಾನು ಅವರನ್ನು ಟೀಚರ್. ಹೆಸರು ಹಿಡಿದು ಕರೆದದ್ದೇ ಇಲ್ಲ. ಅವರು ತೀರಿಕೊಂಡ ಮೇಲೂ ಬಾಯಿಗೆ ಬರುವುದು ಟೀಚರ್ ಎಂದೇ.

ಶನಿವಾರ ಅರ್ಧ ದಿನದ ಶಾಲೆ. ಮಕ್ಕಳು ಹೋದ ಮೇಲೆ ನಾವಿಬ್ಬರೂ ಅವರ ಗಿಡ್ಡ ಬೆಂಚುಗಳ ಮೇಲೆ ಮೊಣಕಾಲು ಮಡಚಿ ಕೂತು ಮುಂದಿನ ವಾರದ ಲೆಸನ್ ಪ್ಲಾನ್ ಮಾಡುತ್ತಿದ್ದೆವು. ನಾನು ಮದುವೆಯಾಗಲಿಲ್ಲ. ಅಮ್ಮ ಹೋದ ಮೇಲೆ ಪುತ್ತೂರಿನ ಬಾಡಿಗೆ ಮನೆಯಲ್ಲಿ ಮಾತಾಡುತ್ತಿದ್ದದ್ದು ರೇಡಿಯೋ ಒಂದೇ. ಇಡೀ ವಾರದಲ್ಲಿ ನನಗಾಗಿ ಒಬ್ಬರು ಜಾಗ ಹಿಡಿದು ಕೂತಿರುತ್ತಾರೆ ಎನ್ನುವ ಹೊತ್ತೆಂದರೆ ಆ ಶನಿವಾರದ ಮಧ್ಯಾಹ್ನ.

ಮೊದಲ ಶನಿವಾರ ನಾನು ಸ್ಕೇಲ್ ಇಟ್ಟು ಗೆರೆ ಎಳೆದು ತಂದ ಪ್ಲಾನನ್ನು ಅವರು ತುಂಬ ಹೊತ್ತು ನೋಡಿದರು.

"ಚೆಂದ ಉಂಟು ಮಿಸ್. ರೈಲಿನ ಟೈಮ್‌ಟೇಬಲ್ ಹಾಗೆ. ಆದರೆ ಒಂಬತ್ತೂವರೆಗೆ ಇಂಗ್ಲಿಷಿಂದ ಇಳಿದು ಲೆಕ್ಕಕ್ಕೆ ಹತ್ತಬೇಕು ಅಂತ ಮಗುವಿಗೆ ಗೊತ್ತಾಗುದು ಹೇಗೆ?"

ನನಗೆ ಸ್ವಲ್ಪ ಚುಚ್ಚಿತು, ಐ ಮಸ್ಟ್ ಸೇ. "ಹಾಗಾದ್ರೆ ನೀವು ಅಕ್ಷರ ಕಲಿಸುದು ಯಾವಾಗ?"

"ಯಾವಾಗ ಕಲಿಸುದಿಲ್ಲ, ಅದು ಹೇಳಿ. ಅಕ್ಷರ ಉಪ್ಪಿನ ಹಾಗೆ. ಎಲ್ಲದರಲ್ಲಿಯೂ ಬೇಕು."

"ನಮ್ಮಲ್ಲಿ ಎಲೆಗೆ ಮೊದಲು ಉಪ್ಪನ್ನೇ ಬೇರೆ ಬಡಿಸ್ತಾರಲ್ಲ ಟೀಚರ್?"

"ಬಡಿಸ್ತಾರೆ. ಅದನ್ನೇ ತಿಂದು ಕೈ ತೊಳೆದವರನ್ನು ನೋಡಿದ್ದುಂಟಾ ನೀವು?"

ಅವರದು ವಾರಕ್ಕೊಂದು ವಸ್ತು. ಬಸ್ಸಿನ ವಾರ ಬಂದರೆ ಕುರ್ಚಿಗಳ ಸಾಲು, ಎದುರಿಗೆ ರಟ್ಟಿನ ಬೋರ್ಡು. ಊರಿನ ಮೊದಲ ಅಕ್ಷರ ಬರೆದರೆ ಅದೇ ಟಿಕೆಟ್. ಎಷ್ಟು ಸೀಟು, ಎಷ್ಟು ಜನ ನಿಂತವರು, ಅದು ಲೆಕ್ಕ. ಪಾತ್ರೆಯ ಮುಚ್ಚಳ, ಗೆರಟೆ, ಇಟ್ಟಿಗೆ ಉರುಳಿಸಿ ಚಕ್ರಕ್ಕೆ ಯಾವುದು ಆಗುತ್ತದೆ ಎಂದು ನೋಡಿದರೆ ಅದು ವಿಜ್ಞಾನ. ಕಿಟಕಿಯಿಂದ ಕಂಡದ್ದನ್ನು ಮಗು ಚಿತ್ರ ಮಾಡಿದರೆ, ಅದು ಹೇಳಿದ ಮಾತನ್ನೇ ಅಡಿಯಲ್ಲಿ ಬರೆದು ಬೆರಳಿಟ್ಟು ಓದಿಸುತ್ತಿದ್ದರು. ಒಂದು ತುಳುವಿನಲ್ಲಿ ಹೇಳುತ್ತಿತ್ತು, ಇನ್ನೊಂದು ಬ್ಯಾರಿಯಲ್ಲಿ. "ಮೊದಲು ಹೇಳ್ಲಿ ಮಿಸ್. ಕನ್ನಡ, ಇಂಗ್ಲಿಷ್ ಹಿಂದಿನ ಬಸ್ಸಿಗೆ ಬರ್ತದೆ."

ಒಂದು ಸಲ ದೊಡ್ಡ ಜಮೀನಿನ ಮನೆಯ ಅಜ್ಜಿಯೊಬ್ಬರು ಸಿಟ್ಟಿನಲ್ಲಿ ಬಂದರು. "ಎಂತ ಟೀಚರ್ರೇ, ನಮ್ಮ ಪುಳ್ಳಿ ಮನೆಯಲ್ಲಿ ಕುರ್ಚಿ ಸಾಲು ಮಾಡಿ ಬೊಬ್ಬೆ ಹೊಡೆಯುದೇ ಕೆಲಸ. ಪುಸ್ತಕ ಬಿಡಿಸಿದರೆ ಖಾಲಿ! ಕಂಡಕ್ಟರ್ ಆಗ್ಲಿಕ್ಕೆ ಕಳಿಸಿದ್ದಾ ನಾವು?"

"ಬಂದವರು ಒಮ್ಮೆ ಬಸ್ಸು ಹತ್ತಿ ಅಮ್ಮ" ಎಂದರು ಟೀಚರ್. ಅಜ್ಜಿ ಸೆರಗು ಸುತ್ತಿಕೊಂಡು ಗಿಡ್ಡ ಕುರ್ಚಿಯಲ್ಲಿ ಕೂತರು. ಮೊಮ್ಮಗಳೇ ಕಂಡಕ್ಟರ್. "ಅಜ್ಜಿ, ಎಲ್ಲಿಗೆ?" ಕಡಬಕ್ಕೆ ಎಂದರು ಅಜ್ಜಿ. ಅವಳು ರಟ್ಟಿನ ರಾಶಿ ಕೆದಕಿ ಪುತ್ತೂರು ಬದಿಗಿಟ್ಟಳು, ಸುಳ್ಯ ಬದಿಗಿಟ್ಟಳು, ಕಡಬ ಎತ್ತಿ ಎದುರಿಗೆ ಸಿಕ್ಕಿಸಿದಳು. ಅಜ್ಜಿ ಬೋರ್ಡು ನೋಡಿದರು, ಪುಳ್ಳಿಯನ್ನು ನೋಡಿದರು. "ಮತ್ತೆ ಹೊರಡುದಲ್ವಾ, ಎಂತ ಕಾಯುದು?" ಎಂದರು. ಅಡ್ಡಗೋಡೆಯ ಅಂಚಿನಿಂದ ಇಣುಕುತ್ತಿದ್ದ ನಾನೂ ನಕ್ಕೆ.

ಹೀಗಿರುವಾಗ ಒಂದು ಮೇ ತಿಂಗಳಲ್ಲಿ ಮ್ಯಾನೇಜ್‌ಮೆಂಟಿನವರು ಯಾವುದೋ ಕಂಪನಿಯ ಕಿಟ್ ತರಿಸಿದರು. ವರ್ಷದ ಪ್ಲಾನೆಲ್ಲ ಅಚ್ಚಾಗಿ ಡಬ್ಬದಲ್ಲಿತ್ತು. "ಇನ್ನು ಶನಿವಾರ ಕೂರುವ ಅಗತ್ಯ ಇಲ್ಲ, ಬೇಗ ಮನೆಗೆ ಹೋಗಬಹುದು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಬೇಗ ಹೋಗಿ ಮನೆಯಲ್ಲಿ ಏನು ಮಾಡುವುದು ಎನ್ನುವುದು ಮಾತ್ರ ತಿಳಿಯಲಿಲ್ಲ.

ಶಾಲೆ ಶುರುವಾದ ಮೇಲಿನ ಮೊದಲ ಶನಿವಾರ ಮಕ್ಕಳು ಹೋದರು. ನಾನು ಬೇಕೆಂದೇ ನಿಧಾನವಾಗಿ ಬ್ಯಾಗು ತುಂಬಿಸುತ್ತಿದ್ದೆ. ಟೀಚರ್ ಆಗಲೇ ಬೆಂಚಿನಲ್ಲಿ ಕೂತಾಗಿತ್ತು, ಕಿಟ್ ಬಿಡಿಸಿಕೊಂಡು.

"ಎಂತ ಮಿಸ್, ಹೊರಟದ್ದಾ? ಈ ಸ್ನೋಮ್ಯಾನ್‌ನ ಎಂತ ಮಾಡುದು ಮಾರಾಯ್ರೆ? ಜೂನ್ ತಿಂಗಳಲ್ಲಿ ಬರ್ತಾನಂತೆ. ಘಟ್ಟ ಇಳಿದು ಗುಂಡ್ಯ ಮುಟ್ಟುವ ಮೊದಲೇ ಕರಗಿ ನೀರು!"

"ಒಂದು ಕೊಡೆ ಕೊಡುವ" ಎಂದೆ.

"ಹಾಂ! ಮಿಸ್ ಪಾಸ್."

ಆ ವಾರ ಮೀನಿನ ಅಂಗಡಿಯಿಂದ ಐಸ್ ಬಂತು. ಮಕ್ಕಳ ಅಂಗೈಯಲ್ಲಿ ಕರಗಿತು. ಕರಗಿದ್ದನ್ನು ಅವರು ಹೇಳಿದರು, ನಾವು ಬರೆದೆವು. ನನ್ನ ಸೆಕ್ಷನ್ನಿನಲ್ಲಿಯೂ ಗಲಾಟೆಯೋ ಗಲಾಟೆ. ಕಿಟ್ಟನ್ನು ನಮ್ಮ ಊರಿಗೆ ಇಳಿಸುವ ನೆಪದಲ್ಲಿ ಶನಿವಾರ ಉಳಿಯಿತು.

ಮುಂದೆ ಯಾವಾಗಿನಿಂದಲೋ ಬೋರ್ಡು ಬರೆಯುವ ಕೆಲಸ ನನಗೆ ಬಂತು. "ನೀವೇ ಬರೆಯಿರಿ ಮಿಸ್, ನಿಮ್ಮದು ಕಾನ್ವೆಂಟಿನ ಅಕ್ಷರ." ನಾನು ಹೆಮ್ಮೆಯಿಂದ ಬರೆಯುತ್ತಿದ್ದೆ. "ಇನ್ನೂ ಸ್ವಲ್ಪ ದೊಡ್ಡದು" ಎನ್ನುತ್ತಿದ್ದರು. ದೊಡ್ಡದಾಗಿ ಬರೆದೆ. ಒಂದು ಸೋಮವಾರ ಅವರು ಬರಲಿಲ್ಲ. ಶುಗರ್ ಕಣ್ಣಿಗೆ ಇಳಿದಿದೆ, ಇನ್ನು ಬರುವುದಿಲ್ಲವಂತೆ ಎಂದರು ಹೆಡ್‌ಮಿಸ್. ಹೊಸ ಟೀಚರ್ ಕಿಟ್‌ನ ಪುಟ ತಪ್ಪದೆ ನಡೆಸಿದಳು. ಪ್ಲೈವುಡ್ಡಿನ ಆಚೆ ಚಾಪೆಲ್‌ನ ಮೌನ. ನಾನು ರಿಟೈರ್ ಆಗುವವರೆಗೂ ಆ ಮೌನಕ್ಕೆ ಕಿವಿ ಕೊಟ್ಟು ಪಾಠ ಮಾಡಿದೆ. ಫೋನಿನಲ್ಲಿ ನಮಗೆ ಮಾತು ಬರುತ್ತಿರಲಿಲ್ಲ. ನಡುವೆ ಒಂದು ರಟ್ಟಾದರೂ ಇರಬೇಕಿತ್ತು.

ಕೊನೆಯದಾಗಿ ನೋಡಿದ್ದು ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ. ಕಲ್ಲುಬೆಂಚಿನ ಮೇಲೆ ಒಬ್ಬರೇ, ಕೊಡೆಯ ಹಿಡಿಯ ಮೇಲೆ ಎರಡೂ ಕೈ. ಕಣ್ಣಿನ ಡಾಕ್ಟರ ಹತ್ತಿರ ಬಂದವರು. "ಟೀಚರ್" ಎಂದೆ. "ಮಿಸ್!" ಎಂದು ತಟ್ಟನೆ ಪಕ್ಕಕ್ಕೆ ಸರಿದು ಜಾಗ ಮಾಡಿದರು. ಎಷ್ಟು ಮಾತಾಡಿದೆವು! ಮೊಮ್ಮಕ್ಕಳಿಲ್ಲದ ಇಬ್ಬರು ಮುದುಕಿಯರು ಸಂತೆಯ ವಾರಕ್ಕೆ ಪ್ಲಾನ್ ಮಾಡಿದೆವು: ಬೆಂಡೆಕಾಯಿ ಎಣಿಸುವುದು, ತಕ್ಕಡಿ ತೂಗುವುದು, ಹೆಸರು ಬರೆಯುವುದು. ಅಷ್ಟರಲ್ಲಿ ಎದುರಿನಿಂದಲೇ "ಕಡಬ, ಕಡಬ, ಕಡಬ" ಎಂದು ಕಂಡಕ್ಟರ್ ಕೂಗುತ್ತಿದ್ದ ಒಂದು ಬಸ್ಸು ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಅವರು ಏಳಲಿಲ್ಲ.

ಬಿಸಿಲು ಇಳಿದಾಗ ಮತ್ತೊಂದು ಬಸ್ಸು ಸದ್ದಿಲ್ಲದೆ ಬಂದು ನಿಂತಿತು. ಕಂಡಕ್ಟರ್ ಚಾ ಕುಡಿಯಲು ಹೋದ. "ಮಿಸ್, ಈ ಬೋರ್ಡಿನಲ್ಲಿ ಎಂತ ಬರೆದದ್ದು, ಓದಿ" ಎಂದರು. ನಾನು ಆಟವೆಂದುಕೊಂಡು ಎಲ್‌ಕೆಜಿ ಮಗುವಿನಂತೆ ರಾಗ ಎಳೆದೆ: "ಕ... ಡ... ಬ." ಅವರು ನಕ್ಕು ಎದ್ದರು. ಬಾಗಿಲ ಸರಳಿಗಾಗಿ ಅವರ ಕೈ ಗಾಳಿಯಲ್ಲಿ ತಡಕಾಡಿತು. ಆಗ ನನಗೆ ತಿಳಿಯಿತು. ಕೈ ಹಿಡಿದು ಸರಳಿನ ಮೇಲಿಟ್ಟೆ.

"ಹೇಳಬಾರದಿತ್ತಾ ಟೀಚರ್? ಎರಡು ಬಸ್ಸು ತಪ್ಪಿತಲ್ಲ."

"ತಪ್ಪಿದ್ದಲ್ಲ ಮಿಸ್. ಕೂಗಿದ್ದು ಕೇಳಿದೆ" ಎಂದರು, ಮೆಟ್ಟಿಲು ಹತ್ತುತ್ತಾ. "ಇವತ್ತು ಶನಿವಾರ ಅಲ್ವಾ?"

ಕಂಡಕ್ಟರ್ ಓಡಿ ಬಂದು ಬಸ್ಸಿನ ಮೈಗೆ ಎರಡು ಪೆಟ್ಟು ಕೊಟ್ಟ.