ಹಿಡಿದು ಕೂರಿಸಿದ ಎರಡು ವರ್ಷ

ನಿಪ್ಪಾಣಿಯ ತಂಬಾಕು ಹಸನು ಮಾಡುವ ವಖಾರಿಯಲ್ಲಿ ಕೆಂಪವ್ವ ಬಾಯಿ ತೆರೆದಳೆಂದರೆ ಕೆಲಸ ಮಾಡಿಸುವ ಮುಕಾದಮನೂ ಮಾತು ನುಂಗಿಕೊಳ್ಳುತ್ತಿದ್ದ. ಜರಡಿ ಹಿಡಿದು ದಿನವಿಡೀ ಧೂಳು ಕುಡಿಯುವ ಹೆಂಗಸರಿಗೆ ಕುಡಿಯಲು ಒಂದು ಕೊಡ ನೀರು, ಕೂಸಿಗೆ ಹಾಲೂಡಿಸಲು ಒಂದು ಗಳಿಗೆ ಬಿಡುವು ಬೇಕೆಂದು ಮಾಲಕರ ಗೇಟಿನ ಮುಂದೆ ಧರಣಿ ಕೂತವರಲ್ಲಿ ಅವಳೇ ಮೊದಲಿಗಳು. ಅಂಥವಳನ್ನೂ ವರ್ಷಗಟ್ಟಲೆ ತಲೆ ತಗ್ಗಿಸಿ ಬದುಕುವ ಹಾಗೆ ಮಾಡಿದವನು ಪೊಲೀಸನಲ್ಲ, ಮಾಲಕನಲ್ಲ, ಒಬ್ಬ ಡಾಕ್ಟರ್.

ಮಗಳು ಶೇವಂತಿ ಹುಟ್ಟಿದ್ದು ಎಂಬತ್ನಾಲ್ಕರಲ್ಲಿ. ವರ್ಷ ತುಂಬಿದ ಮೇಲೆ "ಅವ್ವ" ಎಂದಳು, "ನೀರ" ಎಂದಳು, ಬಾಗಿಲಿಗೆ ಬಂದ ಆಡನ್ನು ನೋಡಿ "ಬ್ಯಾ" ಎಂದಳು. ಮುಂದೆ ಆ ಮಾತುಗಳು ಒಂದೊಂದಾಗಿ ಹೋದವು. ಕರೆದರೆ ತಿರುಗಲಿಲ್ಲ. ಬಳೆ ತೊಡಿಸಿದರೆ ಕೈ ಕಚ್ಚಿಕೊಂಡಳು. ರಸ್ತೆಯಲ್ಲಿ ಲಾರಿ ಹಾರ್ನ್ ಹೊಡೆದರೆ ಕಿವಿ ಮುಚ್ಚಿ ನೆಲಕ್ಕೆ ಬಿದ್ದಳು.

ಕೆಂಪವ್ವ ಅವಳನ್ನು ಕಂಕುಳಲ್ಲಿ ಹೊತ್ತು ಮೊದಲು ಹೋದದ್ದು ಸರಕಾರಿ ದವಾಖಾನೆಗೆ. ಅಲ್ಲಿಯ ಡಾಕ್ಟರ್ ತಲೆಯೆತ್ತಲಿಲ್ಲ. "ಹೆಣ್ಣ ಹುಡುಗಿ ಸುಮ್ಮ ಕುಂದ್ರತಾಳಂದ್ರ ಚಲೋನ ಆತಲ್ಲ ಬಾಯಿ," ಎಂದು ನಕ್ಕು ಟಾನಿಕ್ ಬರೆದರು. ಇನ್ನೊಮ್ಮೆ ಹೋದಾಗ ಬೇರೆ ಡಾಕ್ಟರ್ ಇದ್ದರು. ಅವರು ಕಿವುಡಿ ಎಂದರು. ಮೀರಜಕ್ಕೆ ಹೋಗಿ ಕಿವಿ ತೋರಿಸಿದರೆ ಕಿವಿ ನೆಟ್ಟಗಿದೆ ಎಂದರು. ಹಾಗಾದರೆ ಏನಾಗಿದೆ ಎಂದು ಕೇಳಿದ್ದಕ್ಕೆ, "ಅದು ನಮ್ಮ ಕೆಲಸ ಅಲ್ಲ" ಎಂಬ ಉತ್ತರ ಬಂತು.

ಕಡೆಗೆ ಯಾರೋ ಕೊಲ್ಲಾಪುರದ ದೊಡ್ಡ ಖಾಸಗಿ ಡಾಕ್ಟರ ಹೆಸರು ಹೇಳಿದರು. ಕೆಂಪವ್ವ, ಗಂಡ ಮುರಗೆಪ್ಪ, ಅತ್ತೆ ಸತ್ತೆವ್ವ, ಮೂವರೂ ಕೂಸನ್ನು ಎತ್ತಿಕೊಂಡು ಹೋದರು. ಡಾಕ್ಟರ್ ಮೇಜಿನ ಆಚೆಯಿಂದಲೇ ಶೇವಂತಿಯನ್ನು ಒಂದಿಷ್ಟು ಹೊತ್ತು ನೋಡಿ, ಕೆಂಪವ್ವನತ್ತ ತಿರುಗಿದರು.

"ನೀವು ಕೆಲಸಕ್ಕ ಹೋಗ್ತೀರೇನು?"

"ಹೌದ್ರಿ. ವಖಾರಿಗೆ."

"ಕೂಸು ಯಾರ ಕಡೆ?"

"ಇವರ ಕಡೆ, ನಮ್ಮ ಅತ್ತಿ ಕಡೆ."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ದೋಷ ತುಮಚಾಚ ಆಹೆ, ಬಾಯಿ," ಎಂದು ಮರಾಠಿಯಲ್ಲಿ ಹೇಳಿದರು. ತಪ್ಪು ನಿಮ್ಮದೇ. ಆಮೇಲೆ ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲಿ ಬಿಡಿಸಿ ಹೇಳಿದರು. ತಾಯಿಯ ಮಾಯೆ, ಪ್ರೀತಿ ಸಿಗದ ಕೂಸು ಹೀಗೆ ತನ್ನೊಳಗೆ ಸೇರಿಕೊಳ್ಳುತ್ತದೆ. ಕೆಲಸ ಬಿಡಬೇಕು. ದಿನಾ ಒಂದು ತಾಸು ಗಟ್ಟಿಯಾಗಿ ಅಪ್ಪಿ ಹಿಡಿದು ಕೂರಬೇಕು. ಎಷ್ಟು ಅತ್ತರೂ ಬಿಡಬಾರದು. ಸೋತು ಸುಮ್ಮನಾದಾಗ ತಾಯಿಯ ಗುರುತು ಹತ್ತುತ್ತದೆ.

ಮಾಲಕನಿಗೆ ಎದುರು ಮಾತಾಡಿದವಳು ಅವತ್ತು "ಆತ್ರಿ" ಎಂದು ಕೂಸನ್ನು ಸೊಂಟಕ್ಕೇರಿಸಿ ಎದ್ದಳು. ದೊಡ್ಡ ಡಾಕ್ಟರ್, ಗೋಡೆ ತುಂಬ ಡಿಗ್ರಿ. ಅದೂ ಅಲ್ಲದೆ, ತನ್ನಿಂದಲೇ ಆಗಿರಬಹುದೇ ಎಂಬ ಹುಳ ಅವಳ ತಲೆಯಲ್ಲಿ ಮೊದಲೇ ಇತ್ತು. ಬರುವಾಗ ಬಸ್ಸಿನಲ್ಲಿ ಸತ್ತೆವ್ವ ಜನರಿಗೆಲ್ಲ ಕೇಳುವಂತೆ ಅಂದಳು, "ಲೀಡರಕಿ ಮಾಡಾಕ ಹೋಗಿ ಕೂಸಿನ ಬಾಯಿ ಕಟ್ಟಿದಿ ನೋಡು." ಮುರಗೆಪ್ಪ ಕಿಟಕಿಯ ಹೊರಗೆ ನೋಡುತ್ತ ಕೂತ.

ಕೆಂಪವ್ವ ಕೆಲಸ ಬಿಟ್ಟಳು. ದಿನಾ ಮಧ್ಯಾಹ್ನ ಬಾಗಿಲು ಹಾಕಿ, ಶೇವಂತಿಯನ್ನು ಮಡಿಲಲ್ಲಿ ಹಿಡಿದು ಕೂರುತ್ತಿದ್ದಳು. ಕೂಸು ಮೀನಿನ ಹಾಗೆ ಒದ್ದಾಡುತ್ತಿತ್ತು. ಕಿರುಚಿ ಕಿರುಚಿ ದನಿ ಒಡೆಯುತ್ತಿತ್ತು. ಕೆಂಪವ್ವನ ರಟ್ಟೆಯ ಮೇಲೆ ಒಂದು ಹಲ್ಲಿನ ಗುರುತು ಮಾಯುವುದರೊಳಗೆ ಇನ್ನೊಂದು ಏಳುತ್ತಿತ್ತು. ಅವಳು ತಾನೂ ಅಳುತ್ತ, ಡಾಕ್ಟರ್ ಹೇಳಿದ್ದಾರೆಂದು, ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು. ತಾಯಿಯ ಗುರುತು ಹತ್ತಿದ್ದೇನೋ ಹೌದು. ಅವ್ವ ಬಾಗಿಲು ಹಾಕಲು ಎದ್ದರೆ ಸಾಕು, ಶೇವಂತಿ ಮಂಚದ ಕೆಳಗೆ ತೂರಿಕೊಂಡು ಗೋಡೆಗೆ ಒತ್ತಿಕೊಳ್ಳುತ್ತಿದ್ದಳು.

ಒಂದು ದಿನ ಕೆಂಪವ್ವ ಬಗ್ಗಿ ಮಂಚದ ಕೆಳಗೆ ನೋಡಿದಳು. ಮಗಳು ಎರಡೂ ಕೈಯಿಂದ ತನ್ನ ಎದೆಯನ್ನೇ ಮುಚ್ಚಿಕೊಂಡಿದ್ದಳು. ಕೆಂಪವ್ವ ಅವಳನ್ನು ಎಳೆಯದೆ ಬಾಗಿಲು ತೆರೆದಿಟ್ಟಳು, ಮತ್ತೆ ಹಿಡಿದು ಕೂರಲಿಲ್ಲ. ಮರುದಿನ ವಖಾರಿಗೆ ಹೋದಳು. ಅವಳು ಕೂಸನ್ನು ಕೈಬಿಟ್ಟಳೆಂದು ಓಣಿಯ ಜನ ಆಡಿಕೊಂಡರು. ತಡೆದು ಮಾತಾಡುವ ದನಿ ಅವಳಲ್ಲಿ ಇನ್ನೂ ಎದ್ದಿರಲಿಲ್ಲ.

ವರ್ಷಗಳು ಉರುಳಿದವು. ಶೇವಂತಿಗೆ ಹನ್ನೆರಡು ತುಂಬಿದಾಗ ಚಿಕ್ಕೋಡಿಯ ಸರಕಾರಿ ದವಾಖಾನೆಯಲ್ಲಿ ಅಂಗವಿಕಲರ ಸರ್ಟಿಫಿಕೇಟಿಗಾಗಿ ಶಿಬಿರ ನಡೆಯಿತು. ಊರುಗೋಲಿನವರು, ಕುರುಡರು, ಕೂಸು ಹೊತ್ತವರು ಬಿಸಿಲಲ್ಲಿ ಸಾಲುಗಟ್ಟಿ ನಿಂತಿದ್ದರು. ಶೇವಂತಿಯ ಪಾಳಿ ಬಂದಾಗ ಬೆಳಗಾವಿಯಿಂದ ಬಂದಿದ್ದ ಹರೆಯದ ಲೇಡಿ ಡಾಕ್ಟರ್ ಕುರ್ಚಿ ಬಿಟ್ಟು ನೆಲದ ಮೇಲೆ ಅವಳ ಪಕ್ಕ ಕೂತಳು. ಮುಟ್ಟಲಿಲ್ಲ. ಬಹಳ ಹೊತ್ತು ಸುಮ್ಮನೆ ನೋಡಿದಳು. ಇವಳು ಮೊದಲು ಮಾತಾಡಿ ಆಮೇಲೆ ಬಿಟ್ಟಳೇ, ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದಳೇ ಎಂದೆಲ್ಲ ಕೇಳಿದಳು. ಇಷ್ಟು ವರ್ಷದಲ್ಲಿ ಹೀಗೆ ಕೇಳಿದವರು ಒಬ್ಬರೂ ಇರಲಿಲ್ಲ.

"ಇದಕ್ಕ ಆಟಿಸಂ ಅಂತಾರ್ರಿ," ಎಂದಳು.

ಕೆಂಪವ್ವ ಒಂದೇ ಪ್ರಶ್ನೆ ಕೇಳಿದಳು. "ನಾ ಕೆಲಸಕ್ಕ ಹೋಗಿದ್ದಕ್ಕ ಬಂತೇನ್ರಿ?"

"ಅಲ್ಲರಿ! ಹುಟ್ಟಿನಿಂದನ ಇರ್ತೈತಿ ಇದು. ಯಾರ ಹೇಳಿದ್ರು ನಿಮಗ ಹಂಗ?"

ಡಾಕ್ಟರ್ ಬರೆಯುವುದನ್ನು ನೋಡಿ ಕೆಂಪವ್ವ ಏನೆಂದು ಬರೆದಿರಿ ಎಂದಳು. ಬುದ್ಧಿಮಾಂದ್ಯ ಎಂದು ಬರೆದದ್ದು. ಆಟಿಸಂ ಎನ್ನುವುದು ಸರಕಾರದ ಪಟ್ಟಿಯಲ್ಲಿಲ್ಲ, ಹಾಗೆ ಬರೆದರೆ ಏನೂ ಸಿಗುವುದಿಲ್ಲ ಎಂದಳು ಡಾಕ್ಟರ್, ಮುಖ ಸಣ್ಣದು ಮಾಡಿ.

"ಹೆಸರ ಗೊತ್ತಿರಲಾರದವರು ಒಂದ್ ಬರೀತಾರ, ಗೊತ್ತಿದ್ದವ್ರು ಮತ್ತೊಂದ್ ಬರೀತೀರಿ," ಎಂದಳು ಕೆಂಪವ್ವ. ಆ ಮಾತಿನ ಬಿಸಿಗೆ ಸಾಲಿನವರೆಲ್ಲ ಇತ್ತ ತಿರುಗಿದರು. ಹಳೆಯ ದನಿ ಎದ್ದಿತ್ತು.

ಮನೆಗೆ ಬಂದು ವಿಷಯ ಹೇಳಿದಾಗ ಮುರಗೆಪ್ಪ, "ಆತ ಬಿಡು, ನಿಂದ ತಪ್ಪಿಲ್ಲಂತ ಗೊತ್ತಾತಲ್ಲ," ಎಂದ.

"ಏನ್ ಬಿಡ್ತಿ?" ಕೆಂಪವ್ವ ಕೈಯಲ್ಲಿದ್ದ ತಂಬಿಗೆಯನ್ನು ನೆಲಕ್ಕೆ ಅಪ್ಪಳಿಸಿದಳು. "ಆ ಡಾಕ್ಟರ ಎರಡು ವರ್ಷ ನನ್ನ ಕೈಲೇನ ನನ್ನ ಮಗಳನ್ನ ಹಿಂಸಿ ಮಾಡಿಸಿದ್ನಲ್ಲ, ಅದನ್ನ ಬಿಡ್ಲಿ?"

ಮೂಲೆಯಲ್ಲಿ ಕೂತಿದ್ದ ಸತ್ತೆವ್ವ ಉರುಳಿ ಬಂದ ತಂಬಿಗೆಯನ್ನು ಎತ್ತಿ ನೆಟ್ಟಗಿಟ್ಟಳು. ಆಮೇಲೆ ಕೋಲು ಊರಿ ಎದ್ದಳು. "ನಾಳೆ ಕೊಲ್ಲಾಪುರಕ್ಕ ಹೋಗೂದಿದ್ರ ನಾನೂ ಬರ್ತೀನಿ. ಅವನ ಮಾತ ಕೇಳಿ ನಾನೂ ಏನೇನರ ಅಂದೀನಿ."

ಕೊಲ್ಲಾಪುರದ ಡಾಕ್ಟರಿಗೆ ಕೆಂಪವ್ವನ ನೆನಪಿರಲಿಲ್ಲ. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು. "ಆಗ ನಮಗ ಹಂಗ ಕಲಿಸಿದ್ರು ಬಾಯಿ. ಪುಸ್ತಕದಾಗ ಹಂಗ ಇತ್ತು."

"ಪುಸ್ತಕ ಬರೆದವರನ್ನ ನಾ ನೋಡಿಲ್ಲ. ನನಗ ಹೇಳಿದವ್ರು ನೀವು. ತಪ್ಪಾತು ಅನ್ರಿ."

"ಹೊರಗ ಪೇಷಂಟ್ ಕಾಯಾಕತ್ತಾರ," ಎಂದು ಡಾಕ್ಟರ್ ಗಂಟೆ ಒತ್ತಿದರು.

ಕೆಂಪವ್ವ ಹೊರಗೆ ಬಂದಳು, ಆದರೆ ಮೆಟ್ಟಿಲು ಇಳಿಯಲಿಲ್ಲ. ಬೆಂಚಿನ ತುದಿಯಲ್ಲಿ ಒಬ್ಬ ಹುಡುಗಿಯಂಥ ತಾಯಿ ಕೂತಿದ್ದಳು. ಅವಳ ಗಂಡುಮಗು ಗೋಡೆಗೆ ಮುಖ ಮಾಡಿ ಕೈ ಆಡಿಸುತ್ತಿತ್ತು. ತಾಯಿಯ ಮುಂಗೈ ಮೇಲೆ ಹಲ್ಲಿನ ಗುರುತು. ಕೆಂಪವ್ವನಿಗೆ ಆ ಗುರುತು ಚೆನ್ನಾಗಿ ಗೊತ್ತು.

"ಹಿಡಕೊಂಡ ಕುಂದ್ರಂದಾರೇನ ತಂಗಿ?"

ಆಕೆ ಹೌದೆಂದು ತಲೆಯಾಡಿಸಿದಳು. ಕಣ್ಣು ತುಂಬಿ ಬಂತು.

"ಹಿಡೀಬ್ಯಾಡ. ನಿನ್ನ ತಪ್ಪಲ್ಲ ಇದು. ಒಟ್ಟ ನಿನ್ನ ತಪ್ಪಲ್ಲ!" ವಖಾರಿಯ ಗೇಟಿನ ಮುಂದೆ ಕೂಗಿದ ದನಿಯಲ್ಲೇ ಕೆಂಪವ್ವ ಇಡೀ ಹಾಲಿಗೆ ಕೇಳುವಂತೆ ಹೇಳಿದಳು, ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ. ಕಾಂಪೌಂಡರ್ ಓಡಿ ಬಂದ. ಸತ್ತೆವ್ವ ಕೋಲು ಅಡ್ಡ ಹಿಡಿದಳು. "ಮುಟ್ಟಿ ನೋಡಲೇ ನನ್ನ ಸೊಸೀನ," ಎಂದಳು. ಆ ಗದ್ದಲದಲ್ಲೇ ಆ ತಾಯಿ ಎದ್ದು, ಮಗುವನ್ನು ಎತ್ತಿಕೊಳ್ಳದೆ, ಅದು ನಡೆದಷ್ಟು ನಿಧಾನಕ್ಕೆ ಅದರ ಹಿಂದೆ ನಡೆದು ಹೊರಗೆ ಹೋದಳು.

ಡಾಕ್ಟರ್ ತಪ್ಪಾಯಿತು ಎನ್ನಲಿಲ್ಲ, ಮುಂದೆಯೂ ಎನ್ನಲಿಲ್ಲ. ಶೇವಂತಿ ಅವ್ವನ ಮಡಿಲಿಗೆ ಮತ್ತೆಂದೂ ಬರಲಿಲ್ಲ. ಹದಿನೈದರ ಹೊತ್ತಿಗೆ, ಕೆಂಪವ್ವ ಅಂಗಳದಲ್ಲಿ ಕೂತಿದ್ದರೆ, ಒಮ್ಮೊಮ್ಮೆ ಹಿಂದಿನಿಂದ ಬಂದು ಬೆನ್ನಿಗೆ ಬೆನ್ನು ಹಚ್ಚಿ ಕೂರುತ್ತಿದ್ದಳು. ಆಗ ಕೆಂಪವ್ವ ಕೈ ಮಡಿಲಲ್ಲಿಟ್ಟುಕೊಂಡು ಅಲುಗಾಡದೆ ಕೂರುತ್ತಿದ್ದಳು.

ಸರ್ಟಿಫಿಕೇಟಿನ ಮುದ್ದತು ಮುಗಿದಾಗಲೆಲ್ಲ ಚಿಕ್ಕೋಡಿಗೆ ಹೋಗಬೇಕಿತ್ತು. ಪ್ರತಿ ಸಲ ಬೇರೆ ಡಾಕ್ಟರ್, ಅದೇ ಬುದ್ಧಿಮಾಂದ್ಯ. ಸಹಿಗೆ ಮೊದಲು ಕೆಂಪವ್ವ ಮೇಜಿನ ಮೇಲೆ ಅಂಗೈ ಊರಿ ನಿಲ್ಲುತ್ತಿದ್ದಳು. "ಬರಿಯಾಕ ಆಗಲಿಲ್ಲಂದ್ರ ಬಾಯಿಲೆ ಅನ್ರಿ. ನನ್ನ ಮಗಳಿಗೆ ಏನಾಗೈತಿ?" ಸಾಲು ಬೆಳೆಯುತ್ತಿತ್ತು, ಹಿಂದಿನವರು ಗೊಣಗುತ್ತಿದ್ದರು. ಆಟಿಸಂ ಎಂಬ ಶಬ್ದ ಡಾಕ್ಟರ ಬಾಯಿಂದ ಬರುವ ತನಕ ಅವಳು ಕೈ ತೆಗೆಯುತ್ತಿರಲಿಲ್ಲ.