ಸೀಸೆಯೊಳಗಿನ ಬಿಳಿ

ಸುಮಿತ್ರಾ ಚಿಕ್ಕಮ್ಮ ತುಮಕೂರಿನವರು. ಚಿಕ್ಕಪ್ಪನಿಗೆ ಬ್ಯಾಂಕಿನಲ್ಲಿ ವಿಜಯವಾಡಕ್ಕೆ ವರ್ಗವಾದಾಗ ಜೊತೆಗೆ ಹೋಗಿ, ಅಲ್ಲಿನ ಒಂದು ಮೀನು ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದರು. ಊರಾಚೆಯ ಕೊಳದಲ್ಲಿ ಎರಡು ವರ್ಷದಿಂದ ಕಾಟ್ಲಾ ಮೀನು ಸಾಕಿ, ಅವುಗಳ ಕಿವಿರಿಗೆ ರೋಗ ಹೇಗೆ ತಗಲುತ್ತದೆಂದು ನೋಡುತ್ತಿದ್ದರು. ಆ ಮೀನು ಸತ್ತರೆ ಎರಡು ವರ್ಷದ ಕೆಲಸವೂ ಹೋದಂತೆ.

2007ರ ಮಳೆಗಾಲದಲ್ಲಿ ಅವರು, ಅಲ್ಲಿಂದ ರೈಲಿನಲ್ಲಿ ಆರೇಳು ಗಂಟೆ ದೂರದ ಗಾಜುವಾಕದ ನಮ್ಮ ಮನೆಗೆ ಬಂದಿದ್ದರು. ಬೆಳಿಗ್ಗೆ ಅಮ್ಮ ದೋಸೆ ಹುಯ್ಯುತ್ತಿದ್ದಾಗ, ಕೇಂದ್ರದ ಸಹಾಯಕ ಶ್ರೀಕಂಠ ಫೋನ್ ಮಾಡಿದ. ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿವೆ ಎಂದ. ಹಾಗಾದರೆ ಒಂದೋ ಕಿವಿರಿಗೆ ಹುಳ ಬಿದ್ದಿರಬೇಕು, ಇಲ್ಲವೇ ನೀರಿನಲ್ಲಿ ಆಮ್ಲಜನಕ ಮುಗಿದಿರಬೇಕು.

“ಆಮ್ಲಜನಕದ ಮೀಟರ್ ಎಷ್ಟು ತೋರಿಸ್ತಿದೆ?” ಎಂದರು ಚಿಕ್ಕಮ್ಮ.

“ಆರು, ಮೇಡಂ.”

ಆರು ಎಂದರೆ ಬೇಕಾದಷ್ಟು. “ಹಂಗಾದ್ರೆ ಹುಳಾನೇ. ಫಾರ್ಮಲಿನ್ ಹಾಕು,” ಎಂದು ಚಿಕ್ಕಮ್ಮ ಫೋನ್ ಇಟ್ಟರು.

“ಮೀನಿಗೆ ಔಷಧಿ ಆಯ್ತಲ್ಲ, ಈಗ ನೀನು ತಿನ್ನೇ ಸುಮಿ,” ಎಂದರು ಅಮ್ಮ. “ಈ ಬಟ್ಟೆ ನೋಡು, ಮೂರು ದಿನ ಆಯ್ತು, ಒಣಗ್ತಾನೇ ಇಲ್ಲ. ನಿಮ್ಮಲ್ಲೂ ಹಿಂಗೇ ಮೋಡಾನಾ?”

ಚಿಕ್ಕಮ್ಮ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು. ವಿಜಯವಾಡದಲ್ಲೂ ಮೂರು ದಿನದಿಂದ ಮೋಡವೇ. ಬಿಸಿಲಿಲ್ಲದಿದ್ದರೆ ಕೊಳದ ಪಾಚಿ ಆಮ್ಲಜನಕ ಕೊಡುವುದಿಲ್ಲ. ಮತ್ತೆ ಆರು ಎಲ್ಲಿಂದ ಬಂತು? ಮೀಟರೇ ಕೆಟ್ಟಿದ್ದರೆ, ಅಳಿದುಳಿದ ಆಮ್ಲಜನಕವನ್ನೂ ಫಾರ್ಮಲಿನ್ ತಿಂದುಬಿಡುತ್ತದೆ.

ಫೋನ್ ಮಾಡಿದರು. ಶ್ರೀಕಂಠ ಎತ್ತಲಿಲ್ಲ. ಮತ್ತೆ ಮಾಡಿದರು. ಒಲೆಯ ಮೇಲಿನ ದೋಸೆ ಸೀದು ಹೊಗೆ ಬಂತು, ಅಮ್ಮ ಒಲೆ ಆರಿಸಿದರು. ಕೊನೆಗೆ ಅವನ ದನಿ ಕೇಳಿತು.

“ಒಂದು ಕ್ಯಾನ್ ಆಯ್ತು ಮೇಡಂ, ಮೂಲೇಲಿ. ಇನ್ನೊಂದು...”

“ನಿಲ್ಸು! ಕೆಳಗಿಡು ಅದನ್ನ. ಮೀಟರ್‌ನ ನೀರಿಂದ ತೆಗೆದು ಗಾಳೀಲಿ ಹಿಡಿ. ಎಷ್ಟು?”

“ಆರು... ಅಯ್ಯೋ, ಈಗಲೂ ಆರೇ ಮೇಡಂ.”

ಗಾಳಿಯಲ್ಲೂ ನೀರಿನಲ್ಲೂ ಒಂದೇ ಅಂಕಿ ಎಂದರೆ ಮೀಟರ್ ಕೆಟ್ಟಿದೆ. “ಗಾಜಿನ ಸೀಸೆ ತಗೋ. ನೀರೊಳಗೇ ಮುಳುಗಿಸಿ ತುಂಬಿಸು, ಒಂದು ಗುಳ್ಳೆಯೂ ಇರಬಾರ್ದು. ಆಮ್ಲಜನಕ ಪರೀಕ್ಷೆಯ ಎರಡೂ ದ್ರಾವಣ ಹಾಕಿ, ಮುಚ್ಚಿ, ತಲೆಕೆಳಗೆ ಮಾಡು,” ಎಂದರು ಚಿಕ್ಕಮ್ಮ.

ಆಮ್ಲಜನಕವಿದ್ದರೆ ಸೀಸೆಯ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, ಇಲ್ಲದಿದ್ದರೆ ಬಿಳಿಯಾಗಿಯೇ ಉಳಿಯುತ್ತದೆ. ಫೋನಿನಲ್ಲಿ ಗಾಜು ತಗುಲಿದ ಸದ್ದು ಮಾತ್ರ ಬರುತ್ತಿತ್ತು.

“ಬಣ್ಣ ಹೇಳೋ!”

“ಬಿಳಿ ಮೇಡಂ. ಹಾಲು ಒಡೆದಂಗಿದೆ.”

“ಮೋಟರ್ ಹಾಕು. ಪೈಪ್ ಎತ್ತಿ ಹಿಡಿ, ನೀರು ಮೇಲಿಂದ ಚಿಮ್ಮಿ ಬೀಳ್ಲಿ. ಕರೆಂಟ್ ಹೋದ್ರೆ ಬಕೆಟ್‌ನಲ್ಲಿ ಎರಚು. ನಾನು ಬರೋತನಕ ನಿಲ್ಲಿಸ್ಬೇಡ.”

ಅವರು ಸೀರೆ ಬದಲಿಸದೆ ರೈಲು ನಿಲ್ದಾಣಕ್ಕೆ ಹೊರಟರು. ಆಟೋದಲ್ಲಿ ಅಮ್ಮ ದೋಸೆಯ ಡಬ್ಬಿಯನ್ನು ಅವರ ಮಡಿಲಿಗೆ ಇಟ್ಟಾಗ ಶ್ರೀಕಂಠನ ಫೋನ್ ಬಂತು: ಮೀನುಗಳು ಕೆಳಗೆ ಇಳಿಯುತ್ತಿವೆ, ಫಾರ್ಮಲಿನ್ ಸುರಿದ ಮೂಲೆಯಲ್ಲಿ ಮಾತ್ರ ಸತ್ತವು ತೇಲುತ್ತಿವೆ.

“ಅವನ್ನ ಬಿಸಾಡಬೇಡ,” ಎಂದರು ಚಿಕ್ಕಮ್ಮ. “ಐಸ್‌ನಲ್ಲಿಡು.”

ಸಂಜೆ ವಿಜಯವಾಡದಲ್ಲಿ ಅವರೇ ಆ ಮೀನುಗಳ ಕಿವಿರು ಬಿಡಿಸಿ, ಒಂದೊಂದನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹುಳ ಒಂದೂ ಇರಲಿಲ್ಲ.