ಹಿಂದಿನ ಸೀಟಿನ ಒಪ್ಪಿಗೆ

ಹೆಬ್ಬಗೋಡಿಯ ರಸ್ತೆಗೆ ಕಂಪನಿ ಬಸ್ಸುಗಳು ಇನ್ನೂ ಇಳಿದಿಲ್ಲ. ಟೀ ಅಂಗಡಿಯವ ಈಗಷ್ಟೇ ಹಾಲು ಒಲೆಗಿಟ್ಟಿದ್ದಾನೆ. ಅವನ ಹಿಂಬದಿಯ ಗ್ಯಾರೇಜಿನಲ್ಲಿ ಮಾತ್ರ ದೀಪ ಉರಿಯುತ್ತಿದೆ. ಲಿಫ್ಟಿನ ಮೇಲೆ ನೀಲಿ ಕಾರೊಂದು, ಅದರ ಕೆಳಗೆ ತಲೆಗೆ ಟವೆಲ್ ಸುತ್ತಿಕೊಂಡ ಸಿದ್ರಾಮ. ನಮಸ್ಕಾರ ಎಂದರೆ ‘ಬರ್ರಿ’ ಎನ್ನುತ್ತಾರೆಯೇ ಹೊರತು ತಿರುಗಿ ನೋಡುವುದಿಲ್ಲ. ಪೇಪರಿನವರು ಬಂದರೆಂದು ಕೆಲಸ ಬಿಟ್ಟು ಶರ್ಟು ಸರಿಮಾಡಿಕೊಳ್ಳುವ ಪೈಕಿ ಅಲ್ಲ ಅವರು.

ವೇಗದ ಕಾರುಗಳ ಹುಚ್ಚು ಹಿಡಿಸಿಕೊಂಡವರಿಗೆ ಈ ಗ್ಯಾರೇಜು ಗೊತ್ತು. ಮಾಲೀಕ ರಾಜೇಂದ್ರ ಊರಿನ ಹಳೆಯ ಮನೆತನದವರು, ಬೋರ್ಡಿನ ಮೇಲೆ ಅವರದೇ ಹೆಸರು. ಸಿದ್ರಾಮರ ಹೆಸರು ಎಲ್ಲೂ ಇಲ್ಲ. ಆದರೆ ಗೇರ್‌ಬಾಕ್ಸ್ ಮೌಂಟ್ ಬದಲಿಸಬೇಕೆಂದರೆ ಸಿಂಗಸಂದ್ರದಿಂದಲೂ ವೈಟ್‌ಫೀಲ್ಡಿನಿಂದಲೂ ಜನ ಹುಡುಕಿಕೊಂಡು ಬರುವುದು ಅವರನ್ನೇ.

ಮೌಂಟ್ ಎಂದರೆ ಏನೋ ಎಂತೋ ಎಂದುಕೊಂಡು ಹೋಗಿದ್ದೆ. ನೋಡಿದರೆ ಅಂಗೈಯಲ್ಲಿ ಕೂರುವ ಮುದ್ದೆ. ಗೇರ್‌ಬಾಕ್ಸ್ ಕಾರಿನ ಚೌಕಟ್ಟಿಗೆ ನೇರವಾಗಿ ತಾಗದಂತೆ ನಡುವೆ ಕೂತು ಅದರ ಭಾರ ಹೊರುತ್ತದೆ, ಅದುರಾಟವನ್ನು ನುಂಗಿಕೊಳ್ಳುತ್ತದೆ. ಕಂಪನಿಯಿಂದ ಬರುವುದು ರಬ್ಬರಿನದು. ಜೋರಾಗಿ ಓಡಿಸುವವರ ಕಾಲಿನ ಕೆಳಗೆ ಅದು ಬೇಗ ಸೋಲುತ್ತದೆ, ಗೇರ್‌ಬಾಕ್ಸ್ ಒದ್ದಾಡುತ್ತದೆ, ಗೇರು ತಪ್ಪುತ್ತದೆ. ಆಗ ಬರುವುದು ಪಾಲಿಯುರಿಥೇನ್ ಎಂಬ, ರಬ್ಬರಿಗಿಂತ ಗಟ್ಟಿ ಪ್ಲಾಸ್ಟಿಕ್ಕಿನ ಮೌಂಟ್. ಪೀಣ್ಯದ ಸಣ್ಣ ಕಾರ್ಖಾನೆಯೊಂದು ಇವರಿಗೆ ಎರಕ ಹೊಯ್ದು ಕಳಿಸುತ್ತದೆ: ಹಳದಿ ಮೆತ್ತನೆಯದು, ಕೆಂಪು ನಡುವಿನದು, ಕಪ್ಪು ಕಲ್ಲಿನಂಥದು. ಗಟ್ಟಿಯಾದಷ್ಟೂ ಒಳಗೆ ಕೂತವರಿಗೆ ಅದುರಾಟ ಹೆಚ್ಚು.

ಯಾವುದನ್ನು ಹಾಕಬೇಕೆಂದು ನಿರ್ಧರಿಸುವ ಮೊದಲು ಸಿದ್ರಾಮ ಕಾರಿನ ಬಗ್ಗೆ ಕೇಳುವುದಿಲ್ಲ. ‘ಈ ಗಾಡ್ಯಾಗ ಯಾರ್ಯಾರು ಕುಂದರ್ತಾರ್ರಿ?’ ಎಂದು ಕೇಳುತ್ತಾರೆ. ಹೆಣ್ಣು ನೋಡಲು ಬಂದವರ ವಿಚಾರಣೆಗಿಂತ ಇದು ಏನೂ ಕಡಿಮೆಯಲ್ಲ.

ಪಕ್ಕದಲ್ಲೇ ಕಾಯುತ್ತ ನಿಂತಿರುವ ನೀಲಿ ಕಾರಿನ ಒಡತಿ ರಕ್ಷಿತಾ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುತ್ತಾರೆ. ನಾಳೆ ಭಾನುವಾರ ರೇಸ್ ಟ್ರ್ಯಾಕಿನಲ್ಲಿ ಅವರ ಮೊದಲ ಸ್ಪರ್ಧೆ. ಕಪ್ಪನೆಯದೇ ಬೇಕೆಂದು ಬಂದಿದ್ದರು. ಅದೇ ಕಾರಿನಲ್ಲಿ ಅಮ್ಮನನ್ನೂ ಕರೆದುಕೊಂಡು ಓಡಾಡುತ್ತಾರೆಂದು ತಿಳಿದಾಗ ಸಿದ್ರಾಮ ಕೆಂಪನ್ನು ಕೈಗಿತ್ತರಂತೆ.

‘ಕರೇದು ಹಾಕಿದ್ರ ಗೇರ್ ಚಲೋ ಬೀಳ್ತಾವ್ರಿ, ನಿಮ್ಮ ಅವ್ವನ ಹಲ್ಲೂ ಬೀಳ್ತಾವು. ಇನ್ನೊಂದು ಏನಂದ್ರ, ಎಂಜಿನ್ ಮೌಂಟ್ ಇನ್ನೂ ರಬ್ಬರಿಂದಾವು. ಅದನ್ನ ಅಳ್ಳಕ ಬಿಟ್ಟು ಗೇರ್‌ಬಾಕ್ಸ್ ಒಂದನ್ನ ಬಿಗೀ ಹಿಡದ್ರ ಬೋಲ್ಟ್ ಹಿಡಿಯೋ ಅದರ ಕಿವೀನ ಮುರೀತೈತಿ.’

ಸಿದ್ರಾಮರ ಊರು ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಹತ್ತಿರ. ಪ್ರಾಯವೆಲ್ಲ ಕಲ್ಲಿನ ಕ್ವಾರಿಯಲ್ಲಿ ಡ್ರಿಲ್ ಹಿಡಿದು ಕಳೆಯಿತು. ಬೆಂಗಳೂರಿಗೆ ಬಂದು ಕಟ್ಟಡ ಒಡೆಯುವ ಕೆಲಸಕ್ಕೆ ಸೇರಿದರು, ಅಲ್ಲೂ ಕೈಗೆ ಸಿಕ್ಕಿದ್ದು ಕಾಂಕ್ರೀಟು ಒಡೆಯುವ ಮಷಿನ್ನೇ. ಗ್ಯಾರೇಜಿಗೆ ಬಂದದ್ದು ಸಾಮಾನು ಹೊರುವ ಕೂಲಿಯಾಗಿ. ನೋಡಿ ನೋಡಿ ಕಲಿತರು. ಈಗ ವಾರಕ್ಕೆ ನಾಲ್ಕೈದು ಕಾರು ಅವರ ಕೈ ದಾಟಿ ಹೋಗುತ್ತವೆ. ಚಂದಾಪುರದಲ್ಲಿ ಒಂದು ಕೋಣೆಯ ಬಾಡಿಗೆ ಮನೆ.

ಇಷ್ಟು ಬೆಳಗ್ಗೆ ಏಕೆ ಕೆಲಸ ಎಂದು ಕೇಳಿದೆ. ತಂಪು ಹೊತ್ತು, ಅದಕ್ಕೇ ಇರಬೇಕು ಎಂಬುದು ನನ್ನ ಊಹೆ. ಸಿದ್ರಾಮ ನಕ್ಕು ಮುಂದಿನ ಬೋಲ್ಟಿಗೆ ಕೈ ಹಾಕಿದರು. ಕಾರು ಕೆಳಗಿಳಿದ ಮೇಲೆ ಕಾರಣ ತಾನಾಗಿಯೇ ನಡೆದು ಬಂತು. ಕೊರಳಲ್ಲಿ ಗಾರ್ಮೆಂಟ್ಸ್ ಫ್ಯಾಕ್ಟರಿಯ ಗುರುತಿನ ಚೀಟಿ, ಕೈಯಲ್ಲಿ ಬುತ್ತಿಯ ಚೀಲ. ಸಿದ್ರಾಮರ ಹೆಂಡತಿ ಸುಮಂಗಲಾ.

ಯಾರನ್ನೂ ಕೇಳದೆ ಅವರು ಹಿಂದಿನ ಸೀಟಿನಲ್ಲಿ ಕೂರುತ್ತಾರೆ, ಚಪ್ಪಲಿ ಬಿಟ್ಟು ಪಾದಗಳನ್ನು ನೆಲಕ್ಕೆ ಊರುತ್ತಾರೆ. ಸಿದ್ರಾಮ ಎಂಜಿನ್ ಚಾಲೂ ಮಾಡುತ್ತಾರೆ, ಆಮೇಲೆ ಎಂಜಿನ್ನಿಗೆ ಭಾರ ಬೀಳಲೆಂದು ಎಸಿ ಹಾಕುತ್ತಾರೆ. ನನಗೂ ರಕ್ಷಿತಾಗೂ ಎಲ್ಲ ಸರಿಯಾಗಿಯೇ ಇದೆ ಅನಿಸುತ್ತದೆ. ಸುಮಂಗಲಾ ಮಾತ್ರ ತಲೆ ಅಲ್ಲಾಡಿಸುತ್ತಾರೆ.

‘ಎಡಗಾಲಿನ ಕಡಿ ಗುಂಯ್ ಅಂತೈತ್ರಿ. ಎಲ್ಲೋ ಎಳಕೊಂಡು ಕುಂತೈತಿ. ಬಿಚ್ಚರಿ.’

ರಕ್ಷಿತಾ ಗಾಬರಿಯಾಗುತ್ತಾರೆ. ಮಧ್ಯಾಹ್ನಕ್ಕೆ ಅವರು ಟ್ರ್ಯಾಕಿಗೆ ಹೊರಡಬೇಕು. ‘ಅಣ್ಣ, ನೀವ್ಯಾಕೆ ಚೆಕ್ ಮಾಡ್ಲಿಲ್ಲ? ಫಿಟ್ ಮಾಡಿದ್ದು ನೀವು, ಅಕ್ಕ ಯಾಕೆ ಹೇಳ್ಬೇಕು?’

ಸಿದ್ರಾಮ ಸ್ಪ್ಯಾನರನ್ನು ಟವೆಲಿನಲ್ಲಿ ಒರೆಸುತ್ತ ನಿಲ್ಲುತ್ತಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. ‘ನನ್ನ ಬೆರಳು ಸತ್ತಾವ್ರಿ,’ ಎನ್ನುತ್ತಾರೆ ಕೊನೆಗೆ. ‘ಡ್ರಿಲ್ ಹಿಡದ್ ಹಿಡದು ಜೋಮು ಹತ್ತಿದ್ದು ಇಳಿಲೇ ಇಲ್ಲ. ಬಿಸಿ ಗೊತ್ತಾಗಂಗಿಲ್ಲ, ಅದುರೂದು ಗೊತ್ತಾಗಂಗಿಲ್ಲ.’

ಸ್ಪ್ಯಾನರ್ ಹಾಕಿ ಬಿಗಿಯುವ ಮೊದಲು ಬೋಲ್ಟು ಬರಿಗೈಯಲ್ಲಿ ಸಲೀಸಾಗಿ ತಿರುಗಿದರೆ ಮೌಂಟ್ ನೆಟ್ಟಗೆ ಕೂತಿದೆ ಎಂದರ್ಥ, ಬಿಗಿ ಎನಿಸಿದರೆ ಓರೆಯಾಗಿದೆ ಎಂದರ್ಥ. ಆ ಸಣ್ಣ ಬಿಗಿ ತಿಳಿಯಬೇಕಾದದ್ದು ಬೆರಳಿಗೆ. ಇವರ ಬೆರಳಿಗೆ ತಿಳಿಯುವುದಿಲ್ಲ. ಅದಕ್ಕೇ ಪ್ರತಿ ಕಾರಿಗೂ ಹೆಂಡತಿ ಬರುತ್ತಾರೆ. ಹದಿನಾರು ವರ್ಷ ಹೊಲಿಗೆ ಮಷಿನ್ನಿನ ಪೆಡಲ್ ಮೇಲಿದ್ದ ಕಾಲು ಅವರದು. ಸೂಜಿ ಮುರಿಯುವ ಮುನ್ನವೇ ಪಾದಕ್ಕೆ ಸುಳಿವು ಸಿಗುತ್ತದಂತೆ. ಫ್ಯಾಕ್ಟರಿ ಬಸ್ಸು ಬರುವುದರೊಳಗೆ ಅವರು ಹೂಂ ಎನ್ನಬೇಕು. ಹೀಗಾಗಿ ಗ್ಯಾರೇಜಿನಲ್ಲಿ ಬೆಳಗಾಗುವುದೇ ಬೇಗ. ಮಾಲೀಕರಿಗೆ ಇದು ಗೊತ್ತು, ಗಿರಾಕಿಗಳಿಗೆ ಗೊತ್ತಿಲ್ಲ. ಹಿಂದಿನ ಸೀಟು ಒರೆಸಲು ಬಂದವರೆಂದೇ ಎಲ್ಲರೂ ತಿಳಿದಿದ್ದಾರೆ.

ರಕ್ಷಿತಾ ಪಕ್ಕಕ್ಕೆ ಸರಿದು ಜಾಗ ಬಿಡುತ್ತಾರೆ. ಕಾರು ಮತ್ತೆ ಮೇಲೇರುತ್ತದೆ, ಬೋಲ್ಟುಗಳು ಸಡಿಲವಾಗುತ್ತವೆ. ಕೆಳಗಿಳಿಸಿ, ಎಂಜಿನ್ ಚಾಲೂ ಮಾಡಿ, ಗೇರ್‌ಬಾಕ್ಸ್ ತನ್ನ ಭಾರಕ್ಕೆ ತಾನೇ ಜಾಗ ಹುಡುಕಿಕೊಂಡು ಕೂರಲು ಬಿಡುತ್ತಾರೆ. ಆಮೇಲೆ ಬಿಗಿ. ಸುಮಂಗಲಾ ಮತ್ತೆ ಕೂರುತ್ತಾರೆ, ಪಾದ ಊರುತ್ತಾರೆ. ಹೊರಗೆ ಮೊದಲ ಬಸ್ಸಿನ ಹಾರ್ನು ಕೇಳುತ್ತದೆ.

‘ಹೂಂ,’ ಎನ್ನುತ್ತಾರೆ ಸುಮಂಗಲಾ, ಕೆಳಗಿಳಿಯುತ್ತ.

ರಕ್ಷಿತಾ ಕೀಲಿ ತೆಗೆದುಕೊಳ್ಳುತ್ತಾರೆ. ‘ಅಕ್ಕ, ಫ್ಯಾಕ್ಟರಿವರ್ಗೂ ಬನ್ನಿ, ಬಿಡ್ತೀನಿ. ದಾರೀಲೂ ನೋಡ್ದಂಗಾಗುತ್ತೆ,’ ಎಂದು ತಾವೇ ಹಿಂದಿನ ಬಾಗಿಲನ್ನು ಹಿಡಿದು ನಿಲ್ಲುತ್ತಾರೆ.

ಸಿದ್ರಾಮ ಮಾತ್ರ ನನ್ನ ಕಡೆ ತಿರುಗುತ್ತಾರೆ, ಇಡೀ ಬೆಳಗಿನಲ್ಲಿ ಮೊದಲ ಸಲ. ‘ಸಾರ್, ಆ ಬೆರಳಿನ ಮಾತು ಬರೀಬ್ಯಾಡ್ರಿ. ಕೈ ಹೋದ ಮಿಸ್ತ್ರಿ ಅಂದ್ರ ಗಾಡಿ ಯಾರು ಕೊಡ್ತಾರ?’

ನ್ಯಾಯವಾದ ಅಂಜಿಕೆಯೇ. ಇಂಥ ದಂಪತಿಯ ಅನ್ನಕ್ಕೆ ಕಲ್ಲು ಹಾಕಿ ಸಿಗುವ ಹೆಸರು ಯಾರಿಗೆ ಬೇಕು? ನಾನು ಪೆನ್ನು ಜೇಬಿಗಿಟ್ಟೆ. ಅಷ್ಟರಲ್ಲಿ ಕಾರು ಹತ್ತಿ ಕೂತಿದ್ದ ಸುಮಂಗಲಾ ಕಿಟಕಿಯ ಗಾಜು ಇಳಿಸಿ, ಗಂಡನನ್ನೊಮ್ಮೆ ನೋಡಿ, ನನಗೆ ಹೇಳಿದರು:

‘ಬರೀರಿ ಸಾರ್. ಇವರ ಬೆರಳಿಗೆ ಗೊತ್ತಾಗಂಗಿಲ್ಲ ಅಂತ ಬರೀರಿ. ನನಗ ಗೊತ್ತಾಗತೈತಿ ಅಂತನೂ ಬರೀರಿ.’